ಹೋತಕ್ಕೆ ಕಟ್ಟಿದ ನಾಯಿ

ಎರೆ ಭೂಮಿಯಲ್ಲಿ ಗೂಟ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲಕ್ಕೆ ಹೊಡೆದರೆ ಹೆಂಟೆ ಹೆಂಟೆಯಾಗಿ ಒಡೆದು ಗೂಟ ಅಲ್ಲಾಡುತ್ತದೆ. ನೀರು ಕುಡಿದ ನೆಲಕ್ಕೆ ಹೊಡೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದು ಬರುತ್ತದೆ. ನಾನು ಹುಟ್ಟಿದ್ದು ರಾಯಚೂರಿನ ಆಚೆ, ಯಾಪಲದಿನ್ನಿ ಕಡೆಯ ಕಲ್ಲು ನೆಲದಲ್ಲಿ. ಅಲ್ಲಿ ಒಂದು ಸಲ ಗೂಟ ಇಳಿಸಿದರೆ ಸೊಕ್ಕಿದ ಹೋರಿಯೂ ಅದನ್ನು ಕೀಳಲಾರದು. ಹಾಗಾಗಿ ಮಾನ್ವಿ ಕಡೆಯ ಎರೆ ಹೊಲಗಳಿಗೆ ಕುರಿ ಹೊಡೆದುಕೊಂಡು ಹೋಗುವತನಕ ನಾಯಿಯನ್ನು ಕಟ್ಟುವುದೂ ಒಂದು ವಿದ್ಯೆ ಅಂತ ನನಗೆ ಗೊತ್ತಿರಲಿಲ್ಲ.

ನಾನು ಸಾಲಿ ಬಿಟ್ಟದ್ದು ನಾಲ್ಕನೇ ಕ್ಲಾಸಿನಲ್ಲಿ. ಮಾಸ್ತರರು ಹೊರಗೆ ಹಾಕಲಿಲ್ಲ, ಅಪ್ಪ ಕೈಹಿಡಿದು ಎಳೆದುಕೊಂಡು ಹೋಗಲಿಲ್ಲ. ದೀಪಾವಳಿ ಮುಗಿದ ಮೇಲೆ ಕುರಿ ಹೊರಟವು, ಕುರಿಯ ಹಿಂದೆ ನಾನೂ ಹೊರಟೆ. ಮಳೆಗಾಲಕ್ಕೆ ತಿರುಗಿ ಬರುವಷ್ಟರಲ್ಲಿ ನನ್ನ ಜೊತೆಯವರು ಮುಂದಿನ ಕ್ಲಾಸಿಗೆ ಹೋಗಿದ್ದರು, ನನ್ನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಅದಕ್ಕಾಗಿ ನಾನು ಎಂದೂ ತಲೆ ತಗ್ಗಿಸಿದವನಲ್ಲ. ಅಂದಿನಿಂದ ಇಂದಿನವರೆಗೆ ಇನ್ನೊಬ್ಬರು ದುಡಿದ ರೊಟ್ಟಿ ತಿಂದಿಲ್ಲ. ಮುಂದೆ ಶಕ್ತಿನಗರದಲ್ಲಿ ಕರೆಂಟಿನ ಸ್ಥಾವರ ಕಟ್ಟುವ ಕೆಲಸ ಶುರುವಾದಾಗ ಕಬ್ಬಿಣದ ಸರಳು ಹೊತ್ತೆ, ಸೆಂಟ್ರಿಂಗ್ ಕೆಲಸ ಕಲಿತೆ. ರಾಯಚೂರಿನಲ್ಲಿ ನನ್ನ ಕೈಯಾರೆ ಮನೆ ಕಟ್ಟಿಕೊಂಡೆ. ಆದರೂ ಏನು ಕೆಲಸ ಮಾಡಿದಿ ಅಂತ ಯಾರಾದರೂ ಕೇಳಿದರೆ ಮೊದಲು ಬಾಯಿಗೆ ಬರುವುದು ಕುರಿ ಕಾಯ್ದೆ ಎನ್ನುವ ಮಾತೇ.

ವರ್ಷಕ್ಕೊಂದು ತಿರುಗಾಟ ನಮ್ಮದು. ಮಳೆಗಾಲದಲ್ಲಿ ಊರು. ಆಮೇಲೆ ಕೃಷ್ಣಾ ನದಿಯ ಗುಂಟ ದೇವದುರ್ಗದ ಕಡೆ, ಅಲ್ಲಿಯ ಗುಡ್ಡದ ಹುಲ್ಲು, ಜೋಳ ಕೊಯ್ದ ಹೊಲ. ಮಾನ್ವಿ ಕಡೆ ಕಾಲುವೆ ನೀರಿನಲ್ಲಿ ಬೆಳೆದ ಭತ್ತ ಕೊಯ್ಲಾಯಿತು ಎಂಬ ಸುದ್ದಿ ಬಂದ ಕೂಡಲೇ ಕೆಳಗಡೆಗೆ ಇಳಿಯುತ್ತಿದ್ದೆವು. ಕೂಳೆ ಹೊಲದಲ್ಲಿ ಸಂಜೆ ಕುರಿ ಹಟ್ಟಿ ಹಾಕುವುದು, ಬೆಳಗಾಗುವಷ್ಟರಲ್ಲಿ ಹಿಕ್ಕೆಯೂ ಗಂಜಲವೂ ಬಿದ್ದು ಆ ತುಂಡು ನೆಲಕ್ಕೆ ಗೊಬ್ಬರವಾಗುವುದು. ಮರುದಿನ ಸಂಜೆ ಪಕ್ಕದ ತುಂಡಿಗೆ ಹಟ್ಟಿ ಸರಿಸುವುದು. ಹೀಗೆ ಹೊಲದ ಈ ಬದುವಿನಿಂದ ಆ ಬದುವಿನವರೆಗೆ. ಹೊಲದವರು ಅದಕ್ಕೆ ಕಾಳು ಕೊಡುತ್ತಿದ್ದರು.

ಹಟ್ಟಿ ಸರಿಯಿತೆಂದರೆ ನಮ್ಮ ಸಂಸಾರವೂ ಸರಿಯಿತು. ಕತ್ತೆಯ ಮೇಲಿನ ಹೇರು, ಒಲೆಯ ಮೂರು ಕಲ್ಲು, ಎಳೆ ಮರಿಗಳನ್ನು ಮುಚ್ಚಿಡುವ ಬಿದಿರ ಬುಟ್ಟಿಗಳು, ನೀರಿನ ಕೊಡ, ಹಾಸಲು ಹೊದೆಯಲು ಕಂಬಳಿ. ಅವ್ವ ಹೊಸ ಜಾಗದಲ್ಲಿ ಕಲ್ಲು ಹೂಡಿ ಒಲೆ ಹಚ್ಚಿದಾಗ ಏಳುವ ಹೊಗೆ, ಅದರೊಳಗೆ ಬೆರೆತ ಕುರಿ ಉಣ್ಣೆಯ ವಾಸನೆ, ಬಿಸಿ ರೊಟ್ಟಿಯ ಮೇಲೆ ಪುಂಡಿ ಪಲ್ಯ. ಈಗ ಮನೆಯಲ್ಲಿ ಗ್ಯಾಸಿನ ಮೇಲೆ ಅದೇ ಪಲ್ಯ ಮಾಡುತ್ತಾರೆ, ರುಚಿಯಾಗಿಯೇ ಇರುತ್ತದೆ. ಆದರೆ ಆ ಹೊಗೆ ಇಲ್ಲ. ನಮ್ಮ ಆ ಮನೆಗೆ ಗೋಡೆ ಇರಲಿಲ್ಲ, ಬಾಗಿಲು ಇರಲಿಲ್ಲ. ನಾಯಿ ಎಲ್ಲಿ ಕೂತಿತೋ ಅಲ್ಲೇ ಬಾಗಿಲು.

ನಾಯಿಯನ್ನು ಅಪ್ಪ ದೇವದುರ್ಗದ ಕಡೆಯ ಒಬ್ಬ ಕುರಿಗಾರನಿಂದ ಕಣ್ಣು ಬಿಡುವ ಮೊದಲೇ ತಂದಿದ್ದ. ಕಂಬಳಿಯ ಮಡಿಕೆಯೊಳಗೆ ಇಟ್ಟುಕೊಂಡು ಬಂದು ಕುರಿ ಮರಿಗಳ ಬುಟ್ಟಿಯೊಳಗೇ ಬಿಟ್ಟ. ಕುರಿಯ ಹಾಲು ಕುಡಿದೇ ಬೆಳೆಯಿತು. ಮಣ್ಣಿನ ಬಣ್ಣ, ಎತ್ತರದ ಕಾಲು, ಒಂದು ಕಿವಿ ಸದಾ ನೆಟ್ಟಗೆ, ಇನ್ನೊಂದು ಜೋತು. ದೊಡ್ಡದಾದ ಮೇಲೂ ಅದಕ್ಕೆ ಬೇರೆ ನಾಯಿಗಳ ಸಂಗ ಬೇಕಿರಲಿಲ್ಲ. ಕುರಿ ಮಲಗಿದರೆ ಮಲಗುವುದು, ಎದ್ದರೆ ಏಳುವುದು. ಹೊರಗಿನವರು ಮಾತ್ರ ಹತ್ತಿರ ಸುಳಿಯುವಂತಿರಲಿಲ್ಲ. ದೇವದುರ್ಗದ ಗುಡ್ಡದಲ್ಲಿ ಅದು ಒಳ್ಳೆಯ ಗುಣವಾಗಿತ್ತು. ಅಲ್ಲಿ ತೋಳ ಬರುತ್ತಿತ್ತು, ಮನುಷ್ಯರು ಬರುತ್ತಿರಲಿಲ್ಲ. ಮಾನ್ವಿ ಕಡೆ ಹಾಗಲ್ಲ. ಕಾಲುವೆ ಇದ್ದಲ್ಲಿ ಜನ ಇದ್ದೇ ಇರುತ್ತಾರೆ. ಹೊತ್ತು ಮೂಡುವ ಮೊದಲೇ ನೀರು ತಿರುವಲು ಹೊರಟವರು, ಬುತ್ತಿ ಹೊತ್ತ ಹೆಣ್ಣುಮಕ್ಕಳು, ಸೈಕಲ್ಲಿನ ಮೇಲೆ ಹಾಲಿನವರು. ಎಲ್ಲರ ಮೇಲೂ ನಮ್ಮ ನಾಯಿ ಏರಿ ಹೋಗುತ್ತಿತ್ತು. ಕಟ್ಟದೆ ಗತಿ ಇರಲಿಲ್ಲ.

ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಆಗ ಮೀಸೆ ಮೂಡಿದ್ದ ವಯಸ್ಸು, ನನ್ನ ಕೈಯಲ್ಲಿ ಆಗದ್ದು ಏನಿದೆ ಎನ್ನುವ ಸೊಕ್ಕು. ಮೊದಲು ಉಣ್ಣೆಯ ಹಗ್ಗ ಹಾಕಿದೆ. ಕುರಿಯ ವಾಸನೆಯ ಹಗ್ಗ, ರೊಟ್ಟಿಯ ಹಾಗೆ ಕಡಿದು ಹಾಕಿತು. ಪುಂಡಿ ನಾರಿನದು ಹಾಕಿದೆ, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು, ಅಷ್ಟೆ. ರಾಯಚೂರಿನ ಬಜಾರಿನಿಂದ ಸರಪಳಿ ತರಿಸಿದೆ. ನಮ್ಮ ಕಡೆಯ ಬಿಸಿಲಿನ ವಿಚಾರ ನಾನು ಹೇಳಬೇಕಾಗಿಲ್ಲ. ಮಧ್ಯಾಹ್ನ ಆ ಸರಪಳಿ ಕೈಗೆ ಹಿಡಿಯಲಾಗದಷ್ಟು ಕಾದು ನಾಯಿಯ ಕುತ್ತಿಗೆಯ ಕೂದಲು ಸುಟ್ಟಿತು. ಅವ್ವ ಅರಿಸಿನ ಎಣ್ಣೆ ಹಚ್ಚುತ್ತ, ನಾಯಿಗೆ ಹೇಳುವ ನೆವದಲ್ಲಿ ನನಗೆ ಬೈದಳು. ಆಮೇಲೆ ಕೊರಳಿಗೆ ಒಂದು ಕೊರಡು ಜೋತು ಬಿಟ್ಟೆ. ಓಡಿದರೆ ಮುಂಗಾಲಿಗೆ ಬಡಿಯುತ್ತದೆ, ನಿಧಾನವಾಗುತ್ತದೆ ಎಂಬ ಲೆಕ್ಕ. ನಾಯಿ ಕೊರಡಿನ ಸಮೇತ ಕಾಲುವೆಗೆ ಹಾರಿತು. ಕೊರಡು ತೂಬಿನ ಕಲ್ಲಿಗೆ ಸಿಕ್ಕಿಕೊಂಡು ನಾಯಿ ಮುಳುಗಿ ಏಳುತ್ತಿದ್ದಾಗ ನಾನೇ ನೀರಿಗೆ ಇಳಿದು ಬಿಡಿಸಿಕೊಂಡು ಬಂದೆ.

ಕೊನೆಗೆ ಸರಿಯಾದದ್ದು ಬಿದಿರ ಕೋಲು. ತೋಳಿನಷ್ಟು ಉದ್ದದ ಕೋಲು, ಒಂದು ತುದಿ ಕೊರಳಿನ ತೊಗಲ ಪಟ್ಟಿಗೆ, ಇನ್ನೊಂದು ತುದಿ ಗೂಟಕ್ಕೆ. ಕೋಲು ನೆಟ್ಟಗಿರುವುದರಿಂದ ನಾಯಿಯ ಬಾಯಿ ಗೂಟದ ಕಡೆಯ ಗಂಟಿಗೆ ಮುಟ್ಟುವುದಿಲ್ಲ, ಸುತ್ತಿಕೊಂಡು ಕುತ್ತಿಗೆ ಬಿಗಿಯುವುದಿಲ್ಲ, ಬಿಸಿಲಿಗೆ ಕಾಯುವುದಿಲ್ಲ. ಇದನ್ನು ಹಳೆಯ ಕುರಿಗಾರರು ಮಾಡುತ್ತಿದ್ದರಂತೆ. ಅಪ್ಪನಿಗೆ ಮೊದಲೇ ಗೊತ್ತಿತ್ತು. ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅಪ್ಪ ಬೀಡಿ ಹಚ್ಚಿಕೊಂಡು ಹೇಳಿದ: "ನಾಯಿನ ನೆಲಕ್ಕ ಕಟ್ಟಿದ್ರ ಅದು ನೆಲ ಕಾಯ್ತದ. ಕುರಿ ಕಾಯಂಗಿಲ್ಲ. ಕಟ್ಟೋದ ಬ್ಯಾಡ ಅಂತ ನನ್ನ ಮನಸ್ಸು."

ಅಪ್ಪನ ಮಾತು ನಿಜವೇ ಆಗಿತ್ತು. ಕಟ್ಟಿಸಿಕೊಂಡ ನಾಯಿಗೆ ಗೂಟವೇ ಮನೆಯಾಯಿತು. ಸಂಜೆ ಹಟ್ಟಿ ಸರಿಸಿ, ಗೂಟ ಕಿತ್ತು ಹೊಸ ಜಾಗದಲ್ಲಿ ಹೊಡೆದು ಕಟ್ಟಿದರೂ ಅದು ಹಿಂದಿನ ದಿನದ ಜಾಗದ ಕಡೆಗೇ ಮುಖ ಮಾಡಿ ಬೊಗಳುತ್ತಿತ್ತು. ಖಾಲಿ ನೆಲ, ಒಣಗಿದ ಹಿಕ್ಕೆ. ಅಲ್ಲಿ ಏನು ಕಾಯುವುದಿತ್ತು? ಆಮೇಲೆ ಜನ ಓಡಾಡುವ ಹೊತ್ತಿನಲ್ಲಷ್ಟೇ ಕಟ್ಟಿ, ಉಳಿದಂತೆ ಬಿಡುತ್ತಿದ್ದೆವು.

ಈಗ ನಾನು ಹೇಳಬೇಕೆಂದಿರುವುದು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯ ಮಾತು. ಹಿರೇಕೊಟ್ನೆಕಲ್ ದಾಟಿ ಕಾಲುವೆ ಅಂಚಿನ ಒಂದು ಹಳ್ಳಿಯಲ್ಲಿ ಹಟ್ಟಿ ಹಾಕಿದ್ದೆವು. ಹೊಲ ಒಬ್ಬ ಮಾಸ್ತರರದು. ಆಚಾರವಂತರ ಮನೆ. ಬೆಳಿಗ್ಗೆ ಪೂಜೆ ಮುಗಿಸಿ ನಾಮ ಮುದ್ರೆ ಹಚ್ಚಿಕೊಂಡು ಸೈಕಲ್ ಹತ್ತಿ ಸಾಲಿಗೆ ಹೋಗುತ್ತಿದ್ದರು. ಸಂಜೆ ಹೊಲಕ್ಕೆ ಬಂದು ನಮ್ಮೊಂದಿಗೆ ಬದುವಿನ ಮೇಲೆ ಕೂತು ಮಾತಾಡುತ್ತಿದ್ದರು. ನನಗೆ ಅಕ್ಷರ ಮರೆಯಬೇಡ ಎಂದು ಹೇಳಿ ಹಳೆಯ ಪೇಪರು ತಂದುಕೊಡುತ್ತಿದ್ದವರು ಅವರೇ. ನಾನು ಇವತ್ತು ಇಷ್ಟು ಬರೆಯುತ್ತೇನೆಂದರೆ ಅದರಲ್ಲಿ ಅವರ ಪಾಲೂ ಇದೆ.

ನಾವು ಅಲ್ಲಿ ಇಳಿದ ಸ್ವಲ್ಪ ದಿನಕ್ಕೆ ಆ ಊರಿಗೆ ಹುಚ್ಚುನಾಯಿ ನುಗ್ಗಿತು. ಒಂದು ಎತ್ತಿಗೆ ಕಚ್ಚಿತು, ಎತ್ತು ನೀರು ಕಂಡರೆ ಬೆದರಿ ನೊರೆ ಕಾರಿ ಸತ್ತಿತು. ಒಬ್ಬ ಹೆಣ್ಣುಮಗಳಿಗೂ ಕಚ್ಚಿತ್ತು. ಅವಳನ್ನು ರಾಯಚೂರಿನ ದವಾಖಾನೆಗೆ ಒಯ್ದು ಹೊಟ್ಟೆಗೆ ಸೂಜಿ ಮಾಡಿಸುತ್ತಿದ್ದರು. ಊರು ಹೆದರಿತು, ಹೆದರುವಂಥದ್ದೇ ಆಗಿತ್ತು. ಡಂಗುರ ಹೊಡೆಸಿದರು. ಕಟ್ಟದೆ ಬಿಟ್ಟ ನಾಯಿ ಯಾರದೇ ಇರಲಿ, ಕಂಡಲ್ಲಿ ಹೊಡೆಯುವುದು. ಹುಡುಗರು ಬಡಿಗೆ ಹಿಡಿದು ಗುಂಪಾಗಿ ತಿರುಗತೊಡಗಿದರು. ಊರ ಹೊರಗಿನ ತಗ್ಗಿನಲ್ಲಿ ಸತ್ತ ನಾಯಿಗಳನ್ನು ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದೆ.

ಊರ ಗೌಡರು ಹಟ್ಟಿಗೆ ಬಂದು ಅಪ್ಪನಿಗೆ ನೇರವಾಗಿ ಹೇಳಿಹೋದರು: ನಾಯಿಯನ್ನು ಕಟ್ಟಿಹಾಕು, ಇಲ್ಲವೇ ಕುರಿ ಎಬ್ಬಿಸಿಕೊಂಡು ಹೋಗು. ಹೋಗುವುದಾಗಿದ್ದರೆ ಅಂದೇ ಹೋಗುತ್ತಿದ್ದೆವು. ಆದರೆ ಆಗಷ್ಟೇ ಕುರಿಗಳು ಮರಿ ಹಾಕತೊಡಗಿದ್ದವು. ನಿಂತರೆ ನಡುಗುವ ಮರಿಗಳು ಬುಟ್ಟಿ ತುಂಬ. ಅವುಗಳನ್ನು ಆ ಬಿಸಿಲಿನಲ್ಲಿ ದೇವದುರ್ಗದವರೆಗೆ ನಡೆಸಲು ಆಗುತ್ತಿರಲಿಲ್ಲ, ಎಲ್ಲವನ್ನೂ ಕತ್ತೆಯ ಮೇಲೆ ಹೇರಲೂ ಆಗುತ್ತಿರಲಿಲ್ಲ. ಮರಿಗಳ ವಾಸನೆಗೆ ಕಾಲುವೆಯ ಆಚೆ ದಂಡೆಯ ಜಾಲಿಯಲ್ಲಿ ತೋಳ ಸುಳಿದಾಡುತ್ತಿತ್ತು. ನಾಯಿಯನ್ನು ಬಿಟ್ಟರೆ ನಾಯಿ ಸಾಯುತ್ತದೆ, ಕಟ್ಟಿದರೆ ಮರಿ ಸಾಯುತ್ತವೆ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕಟ್ಟುವುದೆಂದೇ ಆಯಿತು. ಹಗಲು ಹೊತ್ತು ಹಟ್ಟಿಯ ಬಳಿ ಗೂಟಕ್ಕೆ ಕೋಲು ಹಾಕಿ ಕಟ್ಟಿ, ಅವ್ವನನ್ನು ಕಾವಲಿಗೆ ಕೂರಿಸಿ, ನಾನೂ ಅಪ್ಪನೂ ಕುರಿ ಮೇಯಿಸಲು ಊರಾಚೆ ಹೋದೆವು. ಗೂಟ ನಾನೇ ಹೊಡೆದದ್ದು, ಮೊಣಕಾಲಿನವರೆಗೆ ಬರುವ ಜಾಲಿ ಗೂಟ. ಆದರೆ ಮಗ್ಗುಲ ಹೊಲದವರು ಆ ಬೆಳಿಗ್ಗೆ ಸಸಿ ಮಡಿಗೆ ನೀರು ಬಿಟ್ಟಿದ್ದರು, ಅದು ಬದುವಿನ ಅಡಿ ಒಸರಿ ನಮ್ಮ ಕಡೆ ಬಂದಿತ್ತು. ಅವ್ವ ನೀರಿಗೆ ಹೋಗಿ ಬರುವಷ್ಟರಲ್ಲಿ ನಾಯಿ ಗೂಟ ಕಿತ್ತುಕೊಂಡು, ಕೋಲು ಗೂಟ ಎರಡನ್ನೂ ಎಳೆದುಕೊಂಡು, ಕುರಿಯ ಜಾಡು ಹಿಡಿದು ಹೊರಟಿತ್ತು. ನಮ್ಮ ಜಾಡು ಊರ ನಡುವಿನ ದಾರಿಯಲ್ಲೇ ಇತ್ತು.

ಅದರ ಹಿಂದೆ ಬಡಿಗೆಯವರು ಬಿದ್ದರು. ನಾನು ಮೊದಲು ಕಂಡದ್ದು ಧೂಳು, ಆಮೇಲೆ ನಾಯಿ, ಆಮೇಲೆ ಹತ್ತಾರು ಜನ. ನಾನು ಓಡಿದೆ, ಅಡ್ಡ ನಿಂತೆ. ನನ್ನನ್ನು ತಳ್ಳಿಕೊಂಡೇ ಮುಂದೆ ಹೋದರು. ನಾಯಿ ನನ್ನ ಕಡೆಯೂ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ಸೀದಾ ಕುರಿಗಳ ನಡುವೆ ಹೊಕ್ಕಿತು. ಕುರಿಗಳು ಹೆದರಿದಾಗ ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಇಟ್ಟು ಒತ್ತಿಕೊಂಡು ನಿಲ್ಲುತ್ತವೆ. ಹಾಗೇ ನಿಂತವು. ನಾಯಿ ಎಲ್ಲಿದೆ ಎಂಬುದೇ ಕಾಣದಾಯಿತು.

ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದು ನಿಂತ. ದನಿ ಏರಿಸಲಿಲ್ಲ. "ಹೊಡೀರಿ. ಬಡಿಗಿ ಯಾವ ಕುರಿ ಮ್ಯಾಲ ಬೀಳ್ತದೋ ನೋಡ್ಕೊಂಡು ಹೊಡೀರಿ" ಎಂದ.

ಯಾರೂ ಬಡಿಗೆ ಎತ್ತಲಿಲ್ಲ. ಎತ್ತದೆ ಇದ್ದದ್ದು ಅಪ್ಪನಿಗಾಗಿ ಅಲ್ಲ, ಮಾಸ್ತರರ ಹೊಲಕ್ಕೆ ಬಂದ ಕುರಿ ಎಂಬುದಕ್ಕಾಗಿ ಇರಬಹುದು. ನಾಳೆಯಿಂದ ನಾಯಿ ಕಟ್ಟಿದ್ದು ನಮ್ಮ ಕಣ್ಣಿಗೆ ಕಾಣಬೇಕು, ಇಲ್ಲದಿದ್ದರೆ ಹಟ್ಟಿಗೇ ಬಂದು ಹೊಡೆಯುತ್ತೇವೆ ಎಂದು ಹೇಳಿ ತಿರುಗಿ ಹೋದರು.

ಜನ ಹೋದ ಮೇಲೆ ಕುರಿಗಳು ಬಿಡಿಸಿಕೊಂಡವು. ನಡುವೆ ನಮ್ಮ ಹಿರಿ ಹೋತ ನಿಂತಿತ್ತು, ಅದರ ಪಕ್ಕೆಗೆ ಒತ್ತಿಕೊಂಡು ನಾಯಿ. ಕುರಿ ಹಿಂಡಿನಲ್ಲಿ ಒಂದೆರಡು ಹೋತ ಇಟ್ಟುಕೊಳ್ಳುವುದು ನಮ್ಮ ರೂಢಿ. ಕುರಿಗೆ ಸ್ವಂತ ಬುದ್ಧಿ ಇಲ್ಲ, ಮುಂದೆ ಯಾರಾದರೂ ನಡೆಯಬೇಕು. ಆ ಹೋತ ಗಡ್ಡ ಬಿಟ್ಟ ಮುದುಕ, ಕೊರಳಲ್ಲಿ ಗಂಟೆ, ನಡಿಗೆಯಲ್ಲಿ ತಹಶೀಲ್ದಾರನ ಗತ್ತು. ಅದು ಹೊರಟರೆ ಹಿಂಡು ಹೊರಡುತ್ತಿತ್ತು, ಅದು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು.

ಅಪ್ಪ ಬಹಳ ಹೊತ್ತು ಅವೆರಡನ್ನೂ ನೋಡುತ್ತ ಕೂತ. ಆಮೇಲೆ ಎದ್ದು ನಾಯಿಯ ಕೋಲಿನ ತುದಿಗಿದ್ದ ಗೂಟ ಬಿಚ್ಚಿ ಎಸೆದ. ಆ ತುದಿಯನ್ನು ಹೋತದ ಕೊರಳಿಗೆ ಕಟ್ಟಿದ. ನನಗೆ ನಗು ಬಂತು. ಅಪ್ಪ ನಗಲಿಲ್ಲ.

ಆ ಸಂಜೆ ಹಟ್ಟಿಗೆ ತಿರುಗಿ ಬಂದದ್ದನ್ನು ನಾನು ಮರೆಯುವುದು ಸಾಧ್ಯವಿಲ್ಲ. ನಾಯಿ ಒಂದು ಕಡೆ ಎಳೆಯುವುದು, ಹೋತ ನಾಲ್ಕೂ ಕಾಲು ಊರಿ ನಿಲ್ಲುವುದು. ಕೋಲು ನಡುವೆ ಇದ್ದುದರಿಂದ ಕಚ್ಚಲೂ ಆಗದು, ಹಾಯಲೂ ಆಗದು. ಗೆದ್ದದ್ದು ಹೋತವೇ. ಹೋತಕ್ಕೆ ಎಲ್ಲಿಗೆ ಹೋಗಬೇಕೆಂಬುದು ಗೊತ್ತಿತ್ತು, ನಾಯಿಗೆ ಆಗ ಬರೀ ಸಿಟ್ಟಿತ್ತು. ತೋಳಕ್ಕೆ ಹೆದರದ ನಾಯಿ ಹಟ್ಟಿ ಮುಟ್ಟುವಷ್ಟರಲ್ಲಿ ಬಾಲ ತಗ್ಗಿಸಿ ಹೋತದ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತು.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಇವಕ್ಕ ಯಾವಾಗ ಲಗ್ನ ಮಾಡಿದ್ರಿ? ನನಗೊಂದ ಮಾತ ಹೇಳಿದ್ರ ಅಕ್ಕಿಕಾಳು ತಂದು ಹಾಕ್ತಿದ್ದೆ" ಎಂದಳು. ಅವಳು ಬೆಳಗಿನಿಂದ ಅತ್ತಿದ್ದಳೆಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಆ ಮಾತಿಗೆ ಅಪ್ಪನೂ ನಕ್ಕ. ಎರಡು ದಿನದ ಮೇಲೆ ಅವನು ಹೊಟ್ಟೆ ತುಂಬ ಉಂಡ.

ಮರುದಿನ ಬೆಳಿಗ್ಗೆ ಊರಿನ ಪರೀಕ್ಷೆ ಇತ್ತು. ಕಡಿದಾದ ಕಾಲುವೆಗೆ ಹಿಂಡು ಇಳಿಸುವಂತಿರಲಿಲ್ಲ; ನೀರು ಕುಡಿಸಲು ಕೆರೆಗೆ ಹೋಗಬೇಕಾದರೆ ಊರ ಹೆಬ್ಬಾಗಿಲು, ಅಗಸಿಯ ಮುಂದೆಯೇ ಹಾಯಬೇಕು. ಅಗಸಿ ಕಟ್ಟೆಯ ಮೇಲೆ ಗೌಡರು, ಹಿರಿಯರು, ಬಡಿಗೆಯ ಹುಡುಗರು. ಮಾಸ್ತರರೂ ಸಾಲಿಗೆ ಹೊರಟವರು ಸೈಕಲ್ ನಿಲ್ಲಿಸಿ ನಿಂತಿದ್ದರು. ಅಗಸಿಯ ಮಗ್ಗುಲಿಗೇ ಅವರ ಮನೆ. ಹೊಸ್ತಿಲ ಒಳಗೆ ಮಡಿ ಸೀರೆಯಲ್ಲಿ ಅವರ ತಾಯಿ. ನಮ್ಮ ಹೋತ ಗಂಟೆ ಬಾರಿಸುತ್ತ ಮುಂದೆ ಬಂತು, ಮಗ್ಗುಲಿಗೆ ಕೋಲಿನ ಆ ತುದಿಗೆ ನಾಯಿ, ಹಿಂದೆ ಹಿಂಡು. ಕಟ್ಟೆಯ ಮೇಲಿದ್ದವರು ಕತ್ತು ಚಾಚಿ ನೋಡಿದರು. ಆಮೇಲೆ ಒಬ್ಬ ನಕ್ಕ, ನಂತರ ಎಲ್ಲರೂ.

ಗೌಡರು ಕೈ ಎತ್ತಿ ನಗು ನಿಲ್ಲಿಸಿದರು. "ಯಜಮಾನ, ನಾಯಿ ಕಟ್ಟು ಅಂದ್ರ ಇದೇನು ಮಾಡೀಪಾ? ಕಟ್ಟಿದ್ದು ನಡ್ಯಾಕತ್ತದಲ್ಲ?"

"ನಮ್ಮದೆಲ್ಲಾ ನಡಿಯೋದ ಅದರೀ ಗೌಡ್ರ" ಎಂದ ಅಪ್ಪ. "ಮನಿ ನಡೀತದ, ಒಲಿ ನಡೀತದ. ಗೂಟ ಒಂದ ನಿಂತಕೋ ಅಂದ್ರ ಹೆಂಗ ನಿಂತೀತು?"

ಇದು ಕಟ್ಟಿದ ನಾಯಿ ಹೌದೋ ಅಲ್ಲವೋ ಎಂದು ಕಟ್ಟೆಯ ಮೇಲೆ ತಕರಾರು ಹತ್ತಿತು. ಕೆಲವರು ಹೌದೆಂದರು, ಕೆಲವರು ಹೋತ ಊರೊಳಗೆ ಬಂದರೆ ನಾಯಿಯೂ ಬಂದಂತೆ ಅಲ್ಲವೇ ಎಂದರು. ಮಾಸ್ತರರು ಹತ್ತಿರ ಬಂದು ಕೋಲು ಹಿಡಿದು ನೋಡಿದರು, ಗಂಟು ನೋಡಿದರು, ನಾಯಿ ಹೋತಕ್ಕೇ ಕಚ್ಚಿದರೆ ಹೇಗೆ ಎಂದು ಕೇಳಿದರು. ಕೋಲಿನ ಉದ್ದ ಇರುವತನಕ ಬಾಯಿ ಮುಟ್ಟದು ಎಂದು ಅಪ್ಪ ತೋರಿಸಿದ. ಅವರಿಗೆ ಸಮಾಧಾನವಾಯಿತು. ಬಡಿಗೆಯ ಹುಡುಗನೊಬ್ಬನಿಗೆ ಆಗಲಿಲ್ಲ. ಅವನು ಕಟ್ಟೆ ಇಳಿದು ಬಂದು ನಾಯಿಯ ಮುಖದ ಮುಂದೆ ಬಡಿಗೆ ಆಡಿಸಿದ. ನಾಯಿ ಹಲ್ಲು ತೆರೆದು ಎಗರಿತು. ಹೋತ ತಲೆ ತಗ್ಗಿಸಿ, ಕಾಲು ಊರಿ, ಇಡೀ ಮೈಯ ಭಾರ ಹಿಂದಕ್ಕೆ ಬಿಟ್ಟಿತು. ನಾಯಿ ಅರ್ಧ ಗಾಳಿಯಲ್ಲಿ ನಿಂತು ದೊಪ್ಪನೆ ಬಿತ್ತು. ಹೋತ ಏನೂ ಆಗದವರ ಹಾಗೆ ಮೆಲುಕು ಹಾಕತೊಡಗಿತು.

"ಅಬಬಾ, ಇದು ನಮ್ಮ ಚಾವಡಿ ಕಂಬಕ್ಕಿಂತ ಗಟ್ಟಿ ಅದ" ಎಂದು ಗೌಡರು ಮೀಸೆಯೊಳಗೆ ನಕ್ಕರು. ಆದರೂ ಮುಖದ ಮೇಲೆ ಅನುಮಾನ ಇತ್ತು. ಊರಿನ ಹೆದರಿಕೆ ಅವರ ತಲೆಯ ಮೇಲಿತ್ತು. ಅವರು ಹೂಂ ಎನ್ನದೆ ನಾವು ಮುಂದೆ ಹೋಗುವಂತಿರಲಿಲ್ಲ.

ಆಗ ಹೊಸ್ತಿಲ ಒಳಗಿನಿಂದ ಮಾಸ್ತರರ ತಾಯಿ ಮಾತಾಡಿದರು. ಇಲ್ಲಿ ನಮ್ಮ ಕಸುಬಿನ ಒಂದು ಕಟ್ಟಳೆ ಹೇಳಬೇಕು. ಹಟ್ಟಿ ಹಾಕಿಸಿಕೊಂಡವರು ನಮಗೆ ಕೊಡುವ ಕಾಳು ಬೇರೆ, ದಿನಾ ಸಂಜೆ ನಾಯಿಗೆಂದೇ ಕೊಡುವ ಒಂದು ರೊಟ್ಟಿ ಬೇರೆ. ನಾಯಿ ರೊಟ್ಟಿ ಕೊಡದವರ ಹೊಲದಲ್ಲಿ ಅಪ್ಪ ಕುರಿ ನಿಲ್ಲಿಸುತ್ತಿರಲಿಲ್ಲ. ಆ ಮನೆಯಲ್ಲಿ ರೊಟ್ಟಿಗೆ ಭಕ್ರಿ ಎನ್ನುತ್ತಿದ್ದರು. ದೇವರ ಅಡುಗೆ ಮುಗಿದ ಮೇಲೆ ಮುದುಕಮ್ಮ ಹೊರಗಿನ ಒಲೆಯಲ್ಲಿ ತಾವೇ ಒಂದು ದಪ್ಪ ಭಕ್ರಿ ಸುಟ್ಟು, ಮುಟ್ಟಿಸಿಕೊಳ್ಳದೆ, ಮೇಲಿನಿಂದ ನನ್ನ ಕೈಗೆ ಬಿಡುತ್ತಿದ್ದರು.

"ಗೌಡಾ" ಎಂದರು ಅವರು. ಅಷ್ಟು ದೊಡ್ಡ ಗೌಡರನ್ನು ಹಾಗೆ ಕರೆಯುವ ವಯಸ್ಸು ಅವರದು. "ನಾ ದಿನಾ ಆ ನಾಯಿ ಹೆಸರಿಲೆ ಭಕ್ರಿ ಬಡದೀನಿ. ನಮ್ಮ ಹೊಲದಾಗ ಇರೋತನಕ ಅದು ನಮ್ಮ ಮನಿ ಆಳು. ಆಳಿನ ಮ್ಯಾಲ ಕೈ ಮಾಡೋರು ಮೊದಲ ನನ್ನ ಬಂದು ಕೇಳ್ರಿ."

ಗೌಡರು ಎದ್ದು ನಿಂತು ಆ ಕಡೆ ಕೈ ಮುಗಿದರು. ಅಪ್ಪನಿಗೆ ಒಂದೇ ಮಾತು ಹೇಳಿದರು: ಹೋತ ಇದ್ದಲ್ಲಿ ನಾಯಿ ಇರಬೇಕು, ಹೋತವಿಲ್ಲದೆ ನಾಯಿ ಕಂಡರೆ ಮಾತಿಲ್ಲ. ಅಪ್ಪ ಒಪ್ಪಿದ. ನಾವು ಕೆರೆಗೆ ಇಳಿದೆವು.

ಆಮೇಲಿನ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಸೇರಿದವು. ಹೋತ ನಡೆದಲ್ಲಿ ಕುರಿ, ಕುರಿ ಇದ್ದಲ್ಲಿ ನಾಯಿ. ಹಟ್ಟಿ ಎಷ್ಟು ಸಲ ಸರಿದರೂ ನಾಯಿ ಹಿಂದಿನ ಜಾಗದ ಕಡೆ ತಿರುಗಿ ನೋಡಲಿಲ್ಲ. ಸಂಜೆ ಹಟ್ಟಿಯ ಸುತ್ತ ಕಟ್ಟುವ ಬಲೆಯ ಒಳಗೆ ಹೋತದ ಜೊತೆ ನಾಯಿಯೂ ಮಲಗಿತು. ಮೊದಲ ಸಂಜೆ ಕುರಿಗಳು ಗುಸುಗುಸು ಮಾಡಿದವು, ಎದ್ದು ಎದ್ದು ಜಾಗ ಬದಲಿಸಿದವು. ಆಮೇಲೆ ಅದರ ಬೆನ್ನಿಗೇ ಒರಗಿ ಮಲಗಿದವು. ತೋಳ ಕಾಲುವೆಯ ಆಚೆಯಿಂದಲೇ ತಿರುಗಿ ಹೋಗಿರಬೇಕು, ಒಂದು ಮರಿಯೂ ಹೋಗಲಿಲ್ಲ. ಕುರಿ ನೆರಳು ಹುಡುಕಿ ನಿಂತ ಹೊತ್ತಿನಲ್ಲಿ ನಾನು ಮಾಸ್ತರರು ಕೊಟ್ಟ ಪೇಪರು ಅಕ್ಷರ ಕೂಡಿಸಿ ಓದುತ್ತಿದ್ದೆ. ಪಕ್ಕದಲ್ಲಿ ಹೋತ ಜಾಲಿ ಕಾಯಿ ಮೆಲ್ಲುತ್ತಿತ್ತು, ನಾಯಿ ಅದರ ಕಾಲ ನೆರಳಿನಲ್ಲಿ ನಾಲಿಗೆ ಚಾಚಿ ಮಲಗುತ್ತಿತ್ತು. ಈಗಲೂ ಬಿಸಿಲು ಕಾಯುವ ಮಧ್ಯಾಹ್ನ ರಾಯಚೂರಿನ ಮನೆಯಲ್ಲಿ ಫ್ಯಾನಿನ ಕೆಳಗೆ ಪೇಪರು ಹಿಡಿದು ಕೂತರೆ ಆ ಗಂಟೆಯ ಸದ್ದು ಕೇಳಿದಂತಾಗುತ್ತದೆ.

ಮರಿಗಳ ಕಾಲು ಗಟ್ಟಿಯಾದವು. ಮಾಸ್ತರರ ಹೊಲ ಬದುವಿನಿಂದ ಬದುವಿಗೆ ಮುಗಿಯಿತು. ಹೊರಡುವ ದಿನ ಮುದುಕಮ್ಮ ದಾರಿಗೆಂದು ನಾಯಿಗೆ ಎರಡು ಭಕ್ರಿ ಕೊಟ್ಟರು. ಆ ಊರಿನ ಗಡಿ ದಾಟಿ, ಹಿರೇಕೊಟ್ನೆಕಲ್ಲನ್ನೂ ಹಿಂದೆ ಹಾಕಿ, ಮಾನ್ವಿಯ ಡಾಂಬರು ರಸ್ತೆ ಹತ್ತಿದ ಮೇಲೆ ಅಪ್ಪ ಇನ್ನು ಬಿಚ್ಚು ಎಂದ. ನಾನು ಕೋಲು ಬಿಚ್ಚಿದೆ. ನಾಯಿ ಮೈ ಕೊಡವಿಕೊಂಡಿತು, ಒಂದು ಸಲ ಆಕಾಶದ ಕಡೆ ಮೂಗು ಎತ್ತಿತು, ಹೊಲಕ್ಕೆ ಇಳಿದು ಮೊಲದ ವಾಸನೆ ಹಿಡಿದು ಮಾಯವಾಯಿತು. ಬದುಕಿತು ಎಂದು ನನ್ನ ಎದೆ ಹಗುರಾಯಿತು.

ಹೋತ ಮಾತ್ರ ಕದಲಲಿಲ್ಲ. ಖಾಲಿಯಾದ ತನ್ನ ಮಗ್ಗುಲನ್ನು ನೋಡಿತು. ರಸ್ತೆಯ ನಡುವೆ ನಿಂತು ಬಾಯಿ ತೆರೆದು ಒದರತೊಡಗಿತು. ಅದು ನಿಂತಿತೆಂದು ಹಿಂಡೆಲ್ಲ ನಿಂತಿತು. ಕಿವಿ ಹಿಡಿದು ಎಳೆದೆ, ಹಿಂದಿನಿಂದ ತಳ್ಳಿದೆ, ಅವ್ವ ಸೊಪ್ಪು ತೋರಿಸಿದಳು. ರಾಯಚೂರಿನ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಅದರ ಹಿಂದೆ ಭತ್ತದ ಲಾರಿ, ಅದರ ಹಿಂದೆ ಎತ್ತಿನ ಬಂಡಿಗಳು. ಎಲ್ಲರ ಬೈಗುಳ ನಮಗೇ. ಕೊನೆಗೆ ನಾನು ಹೊಲದೊಳಗೆ ಓಡಿ, ಸಿಳ್ಳೆ ಹೊಡೆದು, ಮುದುಕಮ್ಮನ ಭಕ್ರಿ ತೋರಿಸಿ ನಾಯಿಯನ್ನು ಹಿಡಿದು ತಂದೆ. ಅದಕ್ಕೆ ಬಿಲ್ಕುಲ್ ಮನಸ್ಸಿರಲಿಲ್ಲ. ಕೋಲು ಕಟ್ಟಿದೆ. ಹೋತ ಒದರುವುದನ್ನು ನಿಲ್ಲಿಸಿತು, ನಾಯಿಯ ಬೆನ್ನು ಒಂದು ಸಲ ಮೂಸಿತು, ನಡೆಯತೊಡಗಿತು. ಹಿಂಡು ಅದರ ಹಿಂದೆ ಹೊರಟಿತು.

ಬಸ್ಸು ಮೆಲ್ಲಗೆ ನಮ್ಮ ಮಗ್ಗುಲಿಗೆ ಬಂದಾಗ ಕಂಡಕ್ಟರ್ ಬಾಗಿಲಲ್ಲಿ ಜೋತು ಕೇಳಿದ: "ಏ ಯಪ್ಪಾ, ಪಾಪ ಆ ನಾಯಿನ್ಯಾಕ ಕಟ್ಟೀರಿ?"

"ನಾಯಿ ಅಲ್ಲರೀ" ಎಂದ ಅಪ್ಪ. "ಹೋತನ್ನ ಕಟ್ಟೇವಿ."

ದೇವದುರ್ಗದ ದಾರಿಯ ಬಹುಭಾಗ ಅವು ಹಾಗೇ ನಡೆದವು. ಆ ಕೋಲು ಮುಂದೆ ಎಲ್ಲಿ ಬಿಚ್ಚಿತು, ಯಾರು ಬಿಚ್ಚಿದರು, ಗೊತ್ತಾಗಲೇ ಇಲ್ಲ. ಗುಡ್ಡದ ಬುಡದಲ್ಲಿ ಒಂದು ಬೆಳಿಗ್ಗೆ ನೋಡಿದೆ, ನಾಯಿ ಎಲ್ಲೋ ಮುಂದೆ ಓಡುತ್ತಿತ್ತು, ಹೋತ ತನ್ನ ಗತ್ತಿನಲ್ಲಿ ನಡೆಯುತ್ತಿತ್ತು. ನಡುವೆ ಕೋಲು ಇರಲಿಲ್ಲ. ಅವ್ವನನ್ನು ಕೇಳಿದೆ, ಅಪ್ಪ ಬಿಚ್ಚಿರಬೇಕು ಎಂದಳು. ಅಪ್ಪ ನೀನೇ ಬಿಚ್ಚಿರಬೇಕು ಎಂದ. ಈಗ ಇಬ್ಬರೂ ಇಲ್ಲ. ನಾನಂತೂ ಬಿಚ್ಚಿರಲಿಲ್ಲ.